ಬಾಬುರಾಯನಕೊಪ್ಪಲಿನಿಂದ ಮೂರನೇ ಮಹಡಿಗೆ

ನನ್ನ ಜನನ ದಾಖಲೆಯಲ್ಲಿ ನನಗೆ ಹೆಸರೇ ಇಲ್ಲವೆಂದು ಗೊತ್ತಾದಾಗ ನನಗೆ ಮೂವತ್ತೆರಡು ವರ್ಷ. ಆ ಹೊತ್ತಿಗೆ ಮೈಸೂರಿನ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿ ಹತ್ತು ವರ್ಷ ನರ್ಸ್ ಆಗಿ ಕೆಲಸ ಮಾಡಿದ್ದೆ. ಮದುವೆಯಾಗಿ ಬಾಬುರಾಯನಕೊಪ್ಪಲಿಗೆ ಬಂದಿದ್ದೆ. ನಾಲ್ಕು ವರ್ಷದ ಮಗಳಿದ್ದಳು. ಗಂಡನಿಗೆ ಪಾಂಡವಪುರದಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿ ಮತ್ತೆ ನೀರೆತ್ತುವಂತೆ ಮಾಡುವುದು ಅವರ ಕೆಲಸ. ಅತ್ತೆ ಎರಡು ಹಸು ಕಟ್ಟಿಕೊಂಡು, ಮನೆಯ ಹಿಂದಿನ ತುಂಡು ಜಮೀನಿನಲ್ಲಿ ಸೊಪ್ಪು ಬೆಳೆದು, ಬೆಳಿಗ್ಗೆ ಶ್ರೀರಂಗಪಟ್ಟಣದ ಪೇಟೆಗೆ ಹಾಕಿ ಬರುತ್ತಿದ್ದರು. ಯಾರಿಗೂ ಯಾವ ಕೊರತೆಯೂ ಇರಲಿಲ್ಲ.

ಹಾಗಿದ್ದ ಮೇಲೆ ಜರ್ಮನಿಗೆ ಯಾಕೆ ಹೊರಟೆ ಎಂದು ಬಹಳ ಜನ ಕೇಳಿದ್ದಾರೆ. ಒಂದೇ ಉತ್ತರ ನನಗೆ ಇವತ್ತಿಗೂ ಸಿಕ್ಕಿಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದವಳೊಬ್ಬಳು ಅಲ್ಲಿಗೆ ಹೋಗಿ, "ಇಲ್ಲಿ ನರ್ಸ್ ಮಾತಾಡಿದರೆ ಡಾಕ್ಟರು ನಿಂತು ಕೇಳ್ತಾರೆ ಕಣೇ" ಎಂದು ಫೋನಿನಲ್ಲಿ ಹೇಳಿದ್ದು ಒಂದು ಕಾರಣ. ಹತ್ತು ವರ್ಷ ಅದೇ ಬಾಗಿಲಲ್ಲಿ ಒಳಹೋಗಿ ಅದೇ ಬಾಗಿಲಲ್ಲಿ ಹೊರಬಂದ ಬೇಸರ ಇನ್ನೊಂದು. ನನಗೆ ಬರುವ ಕೆಲಸ ಇಷ್ಟೇನಾ, ಇನ್ನೂ ಕಲಿಯುವುದು ಇದೆಯಾ ಎಂದು ನೋಡುವ ಚಪಲವೂ ಇತ್ತು.

ಗಂಡನಿಗೆ ಹೇಳಿದೆ. ಮೂರನೇ ದಿನ, "ನೀನು ಮೊದ್ಲು ಓಗು. ಆಮೇಲೆ ನಮ್ಮನ್ನ ಕರಿಸ್ಕಳಕೆ ಆಯ್ತದಾ ಅಂತ ಸರಿಯಾಗ್ ವಿಚಾರ್ಸು" ಎಂದರು. ಅತ್ತೆಗೆ ಹೇಳಲು ನನಗೆ ಧೈರ್ಯವಿರಲಿಲ್ಲ. ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದವರ ಪಕ್ಕ ಹೋಗಿ ಕುಳಿತೆ. ಅವರು ಕೆಚ್ಚಲಿನಿಂದ ಕೈ ತೆಗೆಯದೆ ಎಲ್ಲ ಕೇಳಿಸಿಕೊಂಡರು.

"ಓದಿರೋಳು ನೀನು. ಓಗ್ಬೇಕು ಅನ್ಸುದ್ರೆ ಓಗವ್ವ. ಮಗೀನ ನಾನ್ ನೋಡ್ಕತೀನಿ, ಪಕ್ಕದ್ ಮನೇಲಿ ಕಿರಿಮಗ ಸೊಸೆ ಅವ್ರೆ. ಆದ್ರೆ ಒಂದ್ ಮಾತು. ಅಲ್ಲೋದ್ಮೇಲೆ ಅತ್ಕಂಡು ಫೋನ್ ಮಾಡ್ಬ್ಯಾಡ. ನೀನ್ ಅತ್ರೆ ಇಲ್ಲಿಂದ ನಾನೇನೂ ಮಾಡಕಾಗಕಿಲ್ಲ."

ಹೂಂ ಎಂದೆ.

ಕಾಗದಗಳಿಂದ ಶುರುವಾಯಿತು. ನನ್ನ ತವರು ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಹಳ್ಳಿ. ಹುಟ್ಟಿದ್ದು ಅಲ್ಲಿ, ಹೈಸ್ಕೂಲು ಓದಿದ್ದು ನಾಗಮಂಗಲದ ಹಾಸ್ಟೆಲಿನಲ್ಲಿದ್ದುಕೊಂಡು. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಹಿಂದೆ ಒಂದು ಇನಿಷಿಯಲ್. ನರ್ಸಿಂಗ್ ಸರ್ಟಿಫಿಕೇಟಿನಲ್ಲಿ ಆ ಇನಿಷಿಯಲ್ ಬಿಚ್ಚಿ ಅಪ್ಪನ ಪೂರ್ತಿ ಹೆಸರು. ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು. ಜನನ ದಾಖಲೆಯಲ್ಲಿ 'ಹೆಣ್ಣು ಮಗು' ಎಂದಷ್ಟೇ. ನಾಲ್ಕು ಕಾಗದದಲ್ಲಿ ನಾಲ್ಕು ಜನ ಹೆಂಗಸರಿದ್ದಂತೆ ಕಾಣುತ್ತಿತ್ತು. ಇವರೆಲ್ಲ ಒಬ್ಬಳೇ ಎಂದು ಜರ್ಮನಿಯವರಿಗೆ ತೋರಿಸಿಕೊಡಬೇಕಿತ್ತು.

ಕೆ.ಆರ್. ಪೇಟೆಯ ಕಚೇರಿಯಲ್ಲಿ ವಯಸ್ಸಾದ ಗುಮಾಸ್ತರೊಬ್ಬರಿದ್ದರು. ಹಳೆಯ ದಪ್ಪ ಪುಸ್ತಕ ತೆಗೆದು, ಬೆರಳಿಟ್ಟು ಓದಿ, "ಆ ಕಾಲದಲ್ಲಿ ಹುಟ್ಟಿದ ವಾರದೊಳಗೇ ಬರೆಸ್ತಿದ್ರು ತಾಯಿ. ಹೆಸರಿಡೋದು ಆಮೇಲೆ. ಸೇರಿಸಿಕೊಡೋಣ, ಆದರೆ ನಿಮ್ಮ ತಂದೆಯವರು ಬಂದು ಹೇಳಿಕೆ ಕೊಡಬೇಕು" ಎಂದರು.

ಮುಂದಿನ ವಾರ ಅಪ್ಪ ಒಗೆದ ಬಿಳಿ ಪಂಚೆ ಉಟ್ಟು ಬಂದರು. ಗುಮಾಸ್ತರು ಕೇಳಿದರು, "ಯಜಮಾನ್ರೇ, ಇಲ್ಲಿ ಬರೆದಿರೋ ಹೆಣ್ಣು ಮಗು ಇವರೇನಾ?"

"ಇವ್ಳೇ ಸ್ವಾಮಿ! ನಂಗಿರೋದೇ ಒಬ್ಳು ಎಣ್ಮಗ್ಳು. ಅವತ್ತು ರಾಗಿ ಕುಯ್ತಿದ್ವಿ. ಊರೊಳಗಿಂದ ಕೂಗುದ್ರು. ಕುಡ್ಲು ಅಲ್ಲೇ ಬಿಸಾಕಿ ಓಡ್ಬಂದೆ. ಸೂಲಗಿತ್ತಿ ಈ ಮಗೀನ ಮೊರದಲ್ಲಿ..."

"ಸಾಕು ಯಜಮಾನ್ರೇ, ಇಲ್ಲಿ ಸಹಿ ಮಾಡಿ."

ಅಪ್ಪನಿಗೆ ಇನ್ನೂ ಹೇಳುವುದಿತ್ತು. ಸಹಿ ಮಾಡಿ ಹೊರಗೆ ಬಂದು ಎಳನೀರು ಕುಡಿಯುವಾಗ ಕೇಳಿದರು, "ಅಲ್ಲಿಗೋಗಿ ನಿನ್ ಎಸರ ನೀನೇ ಏಳುದ್ರೆ ನಂಬಕಿಲ್ವಾ ಅವ್ರು?"

"ನಂಬಕಿಲ್ಲ ಕಣಪ್ಪ. ಎಲ್ಲಾದ್ಕೂ ಕಾಗದ ಬೇಕು."

"ಅಂಗಾರೆ ಸರಿ. ಇನ್ನೂ ಎಲ್ಲೆಲ್ಲಿ ಸೈನ್ ಆಕ್ಬೇಕೋ ಏಳವ್ವ, ಬತ್ತೀನಿ."

ಅಫಿಡವಿಟ್ಟು, ನೋಟರಿ, ನಾಗಮಂಗಲದ ಶಾಲೆಯಿಂದ ಒಂದು ಪತ್ರ, ನರ್ಸಿಂಗ್ ಕಾಲೇಜಿನಿಂದ ನಾನು ಯಾವ ವಿಷಯವನ್ನು ಎಷ್ಟು ಗಂಟೆ ಓದಿದೆ ಎಂಬ ಪಟ್ಟಿ, ಅವೆಲ್ಲದರ ಅನುವಾದ. ಎಂಟು ತಿಂಗಳು ಹಿಡಿಯಿತು. ವಾರದ ರಜೆಯೆಲ್ಲ ಬಸ್ಸಿನಲ್ಲೇ ಕಳೆಯಿತು. ಅದೇ ಬಸ್ಸಿನಲ್ಲಿ ಜರ್ಮನ್ ಪಾಠವನ್ನೂ ಓದಿಕೊಳ್ಳುತ್ತಿದ್ದೆ.

ಮೈಸೂರಿನಲ್ಲಿ ಡ್ಯೂಟಿ ಮುಗಿಸಿ ವಾರಕ್ಕೆ ನಾಲ್ಕು ದಿನ ಭಾಷೆಯ ಕ್ಲಾಸಿಗೆ ಹೋಗುತ್ತಿದ್ದೆ. ಪಾಠ ಹೇಳುತ್ತಿದ್ದ ಮೇಡಂ, "ಜರ್ಮನ್ನಿನಲ್ಲಿ ಎಷ್ಟೋ ವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ, ಕನ್ನಡದ ಹಾಗೆ. ಕನ್ನಡದಲ್ಲೇ ಯೋಚನೆ ಮಾಡಿ" ಎಂದಾಗ ನನಗೆ ಸಂತೋಷವಾಯಿತು. ಇಂಗ್ಲಿಷ್ ಶಾಲೆಯಲ್ಲಿ ಓದಿದವರು ಅಲ್ಲಿ ತಡವರಿಸುತ್ತಿದ್ದರು. ನಾಗಮಂಗಲದಲ್ಲಿ ಕನ್ನಡದಲ್ಲೇ ಓದಿ ಬಂದ ನಾನು ಕೊನೆಯವರೆಗೆ ಕಾದು ಕ್ರಿಯಾಪದ ಇಟ್ಟುಬಿಡುತ್ತಿದ್ದೆ.

ಆದರೆ ವಸ್ತುಗಳಿಗೆಲ್ಲ ಲಿಂಗ ಇರುವುದು ಮಾತ್ರ ತಲೆಗೆ ಹೋಗಲಿಲ್ಲ. ಒಂದು ಭಾನುವಾರ ಊಟದ ಹೊತ್ತಿನಲ್ಲಿ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಅದನ್ನೇ ಬಾಯಿಪಾಠ ಮಾಡುತ್ತಿದ್ದೆ. ಅತ್ತೆ ಕೇಳಿದರು, "ಅದ್ಯಾರ್ನವ್ವ ಅಂಗ್ ಬೈತಿದೀಯೆ?"

"ಬೈತಿಲ್ಲ ಅತ್ತೆ, ಓದ್ತಿದೀನಿ. ಅಲ್ಲಿ ಚಮಚ ಗಂಡಸಂತೆ, ಮುಳ್ಳುಚಮಚ ಹೆಂಗಸಂತೆ. ಚಾಕು ಎರಡೂ ಅಲ್ಲ."

"ಚಮ್ಚ ಗಂಡ್ಸಾ? ಯಾವನ್ ನೋಡ್ದೋನು?"

ಮಗಳು ಎರಡು ದಿನ ಮನೆಯ ಪಾತ್ರೆಗಳನ್ನೆಲ್ಲ ಗಂಡು ಹೆಣ್ಣು ಎಂದು ಬೇರೆ ಮಾಡುತ್ತಾ ಕೂತಿದ್ದಳು. ನನಗೂ ಅದರಿಂದಲೇ ಅರ್ಧ ಬಾಯಿಗೆ ಬಂತು.

ಪರೀಕ್ಷೆ ಬೆಂಗಳೂರಿನಲ್ಲಿ. ಓದುವುದು, ಬರೆಯುವುದು, ಕೇಳುವುದು ಮೂರೂ ಪಾಸಾಯಿತು. ಮಾತಾಡುವುದರಲ್ಲಿ ಫೇಲಾದೆ. ಎದುರಿಗೆ ಇಬ್ಬರು ಕೂತು, ಊರಿನೊಳಗೆ ಕಾರು ಓಡಿಸುವುದನ್ನು ನಿಲ್ಲಿಸಬೇಕೇ, ನಿಮ್ಮ ಅಭಿಪ್ರಾಯವೇನು ಎಂದು ಕೇಳಿದರು. ನನಗೆ ಭಾಷೆ ಮರೆತಿರಲಿಲ್ಲ, ಅಭಿಪ್ರಾಯವೇ ಇರಲಿಲ್ಲ. ರೋಗಿಯ ರಕ್ತದೊತ್ತಡ ಎಷ್ಟು ಎಂದರೆ ಹೇಳಬಲ್ಲೆ. ನಿನಗೇನನ್ನಿಸುತ್ತದೆ ಎಂದು ಕೆಲಸದ ಜಾಗದಲ್ಲಿ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ನಾನು ಬಿಕ್ಕಿ ಅತ್ತದ್ದನ್ನು ಜೊತೆಗೆ ಬಂದಿದ್ದ ಗಂಡ ನೋಡಿದ್ದರು. ಮುಂದಿನ ರಜೆಯ ದಿನ ನನ್ನನ್ನು ಪಾಂಡವಪುರದ ಅಂಗಡಿಗೆ ಕರೆದುಕೊಂಡು ಹೋದರು. ಸ್ಟೂಲಿನ ಮೇಲೆ ಕೂರಿಸಿ, "ಏನಾರಾ ಮಾತಾಡು" ಎಂದರು. ಅವರಿಗೆ ಗೊತ್ತಿದ್ದದ್ದು ಒಂದೇ ಜರ್ಮನ್ ಪದ, 'ವಾರುಮ್', ಅಂದರೆ 'ಯಾಕೆ'. ನಾನು ಒಂದೊಂದು ವಾಕ್ಯ ಹೇಳಿದಾಗಲೂ, ಮೋಟರಿನ ಒಳಗೆ ತಂತಿ ಕೂರಿಸುತ್ತಾ ತಲೆಯೆತ್ತದೆ "ವಾರುಮ್?" ಎನ್ನುತ್ತಿದ್ದರು. ನಾನು ಕಾರಣ ಹುಡುಕಬೇಕು. ಅದಕ್ಕೂ "ವಾರುಮ್?". ಮೋಟರ್ ರಿಪೇರಿಗೆ ಬಂದು ಕಾಯುತ್ತಿದ್ದ ರೈತರೊಬ್ಬರು ಸ್ವಲ್ಪ ಹೊತ್ತು ನೋಡಿ, "ನಂಗೊಂದ್ ಚಾನ್ಸ್ ಕೊಡಿ" ಎಂದು ತಾವೂ ಒಂದು ಸಲ "ವಾರುಮ್?" ಎಂದರು. ಅವರಿಗೂ ಉತ್ತರ ಕೊಟ್ಟೆ. ನಾಲ್ಕು ತಿಂಗಳು ಹೀಗೇ ನಡೆಯಿತು. ಎರಡನೇ ಸಲ ಪರೀಕ್ಷೆಯಲ್ಲಿ ಕೂತಾಗ ಎದುರಿನವರು ಸಾಕು ಎನ್ನುವವರೆಗೂ ಮಾತಾಡಿದೆ.

ಹೊರಡುವ ದಿನ ಮಗಳಿಗೆ ಆರು ವರ್ಷ. ಅವಳು ಅಳಲಿಲ್ಲ. ಚಿಕ್ಕಪ್ಪನ ಮನೆಯ ಮಕ್ಕಳ ಜೊತೆ ಆಟದಲ್ಲಿದ್ದಳು. ಕಾರಿನ ಹತ್ತಿರ ಓಡಿ ಬಂದು ಮುತ್ತು ಕೊಟ್ಟು ಮತ್ತೆ ಆಟಕ್ಕೆ ಹೋದಳು. ಅದೇ ನನಗೆ ಹೆಚ್ಚು ಕಷ್ಟವಾಯಿತು.

ನಾನು ಸೇರಿದ್ದು ಜರ್ಮನಿಯ ದಕ್ಷಿಣದ ಸಣ್ಣ ಊರಿನ ಆಸ್ಪತ್ರೆ. ಮೂರನೇ ಮಹಡಿಯಲ್ಲಿ ವಯಸ್ಸಾದವರ ವಾರ್ಡು. ನನ್ನ ಓದಿಗೆ ಅಲ್ಲಿನ ಸರ್ಕಾರದ ಮಾನ್ಯತೆ ಸಿಗಲು ಇನ್ನೊಂದು ಪರೀಕ್ಷೆ ಬಾಕಿಯಿತ್ತು. ಅದು ಮುಗಿಯುವವರೆಗೆ ನಾನು ಸಹಾಯಕಿ. ಇಂಜೆಕ್ಷನ್ ಮುಟ್ಟುವ ಹಾಗಿಲ್ಲ, ಡ್ರಿಪ್ ಹಾಕುವ ಹಾಗಿಲ್ಲ. ಮೊದಲ ದಿನ ಬೆಳಿಗ್ಗೆ ವಾರ್ಡಿನ ಮುಖ್ಯಸ್ಥೆ ನನ್ನ ಕೈಗೆ ನೀರಿನ ಬೇಸಿನ್ನು, ಮೈ ಒರೆಸುವ ಬಟ್ಟೆ ಕೊಟ್ಟು, ಐದು ಜನರಿಗೆ ಮೈ ತೊಳೆದು ಬಟ್ಟೆ ಬದಲಾಯಿಸಬೇಕು ಎಂದರು.

ನಮ್ಮ ಕಡೆ ಆ ಕೆಲಸವನ್ನು ರೋಗಿಯ ಜೊತೆ ಬಂದ ಮನೆಯವರು ಮಾಡುತ್ತಾರೆ, ಇಲ್ಲವೇ ಆಯಾ ಮಾಡುತ್ತಾಳೆ. ಅಲ್ಲಿ ರೋಗಿಯ ಜೊತೆ ಯಾರೂ ಇರುವುದಿಲ್ಲ. ವೆಂಟಿಲೇಟರ್ ನೋಡಿಕೊಳ್ಳುತ್ತಿದ್ದವಳು, ಹೊಸ ನರ್ಸುಗಳಿಗೆ ಪಾಠ ಹೇಳುತ್ತಿದ್ದವಳು, ಈಗ ಬೇಸಿನ್ನು ಹಿಡಿದು ನಿಂತಿದ್ದೆ. ಇದಕ್ಕಾಗಿಯೇ ಮಗಳನ್ನು ಬಿಟ್ಟು ಬಂದೆನಾ ಎನ್ನಿಸಿತು. ಮೂರು ವಾರ ಹೇಗೋ ತಡೆದೆ. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಟ್ಟೆ ಬದಲಿಸುವ ಕೋಣೆಯಿಂದ ಮನೆಗೆ ಫೋನ್ ಮಾಡಿದೆ. ಅತ್ತೆ ತೆಗೆದರು. ಮಾತಾಡುವ ಮೊದಲೇ ಅಳು ಬಂತು.

ಅತ್ತೆ ಬೈಯಲಿಲ್ಲ. "ಏನ್ ಕೆಲ್ಸ ಕೊಟ್ಟವ್ರೆ ಏಳು" ಎಂದರು. ಹೇಳಿದೆ.

"ಅಷ್ಟೇಯಾ? ನಿಮ್ಮಾವಂಗೆ ಲಕ್ವ ಒಡ್ದಾಗ ಎರಡ್ ವರ್ಸ ನಾನೇ ತೊಳ್ದೆ. ನೀನಿನ್ನೂ ಈ ಮನೆಗ್ ಬಂದಿರ್ನಿಲ್ಲ. ಮೊದ್ಲು ಮೊದ್ಲು ಬಟ್ಟೆ ಮುಟ್ಟುಸ್ತಿದ್ದಂಗೆ ಮೈ ಬಿಗಿ ಇಡ್ಕಳೋರು, ಬೈಯೋರು. ಆಮೇಲ್ ಗೊತ್ತಾಯ್ತು. ಮುಖ ಒರಸೋ ಬಟ್ಟೇನ ಅವರ್ ಕೈಗೇ ಕೊಟ್ಬುಟ್ಟೆ. ಒಂದ್ ಕೈಲಿ ಅವರೇ ಒರಸ್ಕಂಡ್ರು. ಅವತ್ತಿಂದ ಬೈಯೋದ್ ಬುಟ್ಬುಟ್ರು. ನೀನೂ ಅಂಗೇ ಮಾಡಿ ನೋಡವ್ವ."

ಆ ವಿಷಯವನ್ನು ಅವರು ನನಗೆ ಎಂದೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ನರ್ಸ್ ಸೊಸೆ ಎಂದು ಕಾಯಿಲೆಯ ವಿಷಯವನ್ನೆಲ್ಲ ಅವರೇ ನನ್ನನ್ನು ಕೇಳುತ್ತಿದ್ದರು.

ಮರುದಿನ ಕೊನೆಯ ಕೋಣೆಯ ಅಜ್ಜನ ಮೇಲೆ ಇದನ್ನು ಪ್ರಯೋಗಿಸಿದೆ. ಸೊಂಟದ ಮೂಳೆ ಮುರಿದು ಬಂದಿದ್ದ ಹಳ್ಳಿಯ ರೈತ ಅವರು. ಯಾರು ಹೋದರೂ ಗದರುತ್ತಿದ್ದರು. ಬೆಚ್ಚಗಿನ ಬಟ್ಟೆ ಹಿಂಡಿ ಅವರ ಕೈಗಿಟ್ಟು, ನೀವೇ ಮುಖ ಒರೆಸಿಕೊಳ್ಳಿ ಎಂದೆ. ಬಟ್ಟೆಯನ್ನೇ ನೋಡಿದರು. ನಿಧಾನವಾಗಿ ಮುಖ, ಕತ್ತು, ಕಿವಿಯ ಹಿಂದೆಲ್ಲ ಒರೆಸಿಕೊಂಡು ಏನೋ ಹೇಳಿದರು. ಒಂದು ಅಕ್ಷರವೂ ನನಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದರು. ಆಗಲೂ ಇಲ್ಲ. ಕೋಪದಿಂದ ಗೋಡೆಯ ಕಡೆ ತಿರುಗಿಬಿಟ್ಟರು.

ಒಂದೂವರೆ ವರ್ಷ ಕಲಿತ ಭಾಷೆ ಎಲ್ಲಿ ಹೋಯಿತು ಎಂದು ಗಾಬರಿಯಾಗಿ ಮುಖ್ಯಸ್ಥೆಯ ಬಳಿ ಹೋದೆ. ಆಕೆ ನಕ್ಕರು. "ಅವರದು ಈ ಕಡೆಯ ಹಳ್ಳಿಯ ಮಾತು. ನಾನು ಉತ್ತರದವಳು. ನನಗೂ ಮೊದಲ ವರ್ಷ ಏನೂ ತಿಳಿಯುತ್ತಿರಲಿಲ್ಲ" ಎಂದರು.

ನನಗೆ ಜೀವ ಬಂದ ಹಾಗಾಯಿತು. ನರ್ಸಿಂಗ್ ಕಾಲೇಜಿಗೆ ಸೇರಿದ ಹೊಸದರಲ್ಲಿ ನಾನು 'ಅಂಗೆ', 'ಇಂಗೆ', 'ಬುಡು' ಎಂದರೆ ಜೊತೆಯವರು ನಗುತ್ತಿದ್ದರು. ಆ ನಗುವಿಗೆ ಹೆದರಿ ಪುಸ್ತಕದ ಕನ್ನಡ ಕಲಿತಿದ್ದೆ. ಈ ಅಜ್ಜನೂ ನಮ್ಮವರ ಹಾಗೆಯೇ ಮಾತನ್ನು ತುಂಡು ಮಾಡಿ ಆಡುತ್ತಿದ್ದಾರೆ, ಅಷ್ಟೇ. ಪುಸ್ತಕದಲ್ಲಿ 'ನನಗಿದೆ' ಎನ್ನಲು 'ಇಶ್ ಹಾಬೆ' ಎಂದಿದ್ದರೆ ಅವರ ಬಾಯಲ್ಲಿ ಅದು 'ಇ ಹನ್'. 'ಇಲ್ಲ' ಎನ್ನುವ 'ನಿಶ್ಟ್' ಅವರಿಗೆ 'ನೆಟ್'. ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಂಡೆ. ಅವರು ಹೇಳಿದ್ದನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಮುಖ್ಯಸ್ಥೆಯನ್ನು ಕೇಳಿ, ಮಾರನೆಯ ದಿನ ಅದೇ ಮಾತನ್ನು ಅವರಿಗೇ ಹೇಳುತ್ತಿದ್ದೆ. ಮೊದಲ ಸಲ ನಾನು 'ನೆಟ್' ಎಂದಾಗ ಅವರು ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಆಮೇಲೆ ಅವರೇ ನನಗೆ ಮೇಷ್ಟರಾದರು. ಮೊದಲ ದಿನ ಅವರು ಹೇಳಿದ್ದು ಏನೆಂದು ಕೇಳಿದೆ. "ನೀರು ಇನ್ನೂ ಸ್ವಲ್ಪ ಬಿಸಿ ಇರಬೇಕಿತ್ತು" ಎಂದಿದ್ದರಂತೆ.

ನಮ್ಮ ಮನೆಯಲ್ಲಿ ಹಸು ಇದೆ ಎಂದು ತಿಳಿದ ಮೇಲೆ ಅವರು ನನ್ನನ್ನು ಬಿಡಲಿಲ್ಲ. ಏನು ಮೇವು ಹಾಕುತ್ತೀರಿ, ಎಷ್ಟು ಸಲ ಹಾಲು ಕರೆಯುತ್ತೀರಿ. ನನಗೆ ಅರ್ಧಕ್ಕೆ ಉತ್ತರ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ, ಮುಖ್ಯಸ್ಥೆಯನ್ನು ಕೇಳಿಕೊಂಡು, ಗಾಲಿಕುರ್ಚಿಯಲ್ಲಿ ಅವರನ್ನು ಆಸ್ಪತ್ರೆಯ ತೋಟಕ್ಕೆ ಕರೆದುಕೊಂಡು ಹೋಗಿ ಅತ್ತೆಗೆ ವಿಡಿಯೋ ಕಾಲ್ ಮಾಡಿದೆ. ಅತ್ತೆ ಸೆರಗು ಸರಿಮಾಡಿಕೊಂಡು ಕೊಟ್ಟಿಗೆಯಿಂದಲೇ ಮಾತಾಡಿದರು.

"ಅವರ್ ಮನೇಲಿ ಅಸ ಎಷ್ಟಿದ್ವಂತೆ ಕೇಳವ್ವ."

ಕೇಳಿದೆ. "ನಲವತ್ತಂತೆ ಅತ್ತೆ. ಈಗ ಅವರ ಮಗ ನೋಡ್ಕತಾವ್ರಂತೆ."

"ನಲವತ್ತಾ! ಸಗಣಿ ಯಾರ್ ಬಾಚ್ತಾರೆ?"

ಅಜ್ಜನಿಗೆ ಹೇಳಿದೆ. ಅವರು ಮೊಣಕೈಯೂರಿ ಮುಂದೆ ಬಾಗಿ ಉತ್ತರ ಕೊಟ್ಟರು. ಅದನ್ನು ನಮ್ಮ ಮಾತಿಗೆ ತಿರುಗಿಸಿದರೆ ಹೀಗಿತ್ತು: "ಈಗ ಮಿಸಿನ್ನು ಅದೆ. ಮೊದ್ಲು ನಾನೇ ಬಾಚ್ತಿದ್ದೆ, ಅದ್ಕೇ ಈ ಸೊಂಟ ಇಂಗಾಗಿರೋದು."

ಅತ್ತೆ ನಕ್ಕು, "ನಂದೂ ಸೊಂಟ ಇಡ್ಕಂಡದೆ ಅಂತ ಏಳವ್ವ" ಎಂದರು. ಹಿಂಡಿ, ಬೂಸ, ಹಸಿರು ಹುಲ್ಲು, ಕರು ಹಾಕಿದ ಮೇಲೆ ಏನು ತಿನ್ನಿಸುವುದು ಎಂದು ಇಬ್ಬರ ಮಾತು ಅರ್ಧ ಗಂಟೆ ನಡೆಯಿತು. ಮಧ್ಯದಲ್ಲಿ ನಿಂತು ಅತ್ತ ಇತ್ತ ದಾಟಿಸುತ್ತಿದ್ದ ನನಗೆ ಒಂದು ಕ್ಷಣ ಯಾವ ಭಾಷೆ ಯಾವುದೆಂದೇ ಮರೆತುಹೋಗಿ, ಅಜ್ಜನ ಕಡೆ ತಿರುಗಿ ಕನ್ನಡದಲ್ಲೇ ಮಾತಾಡಿಬಿಟ್ಟೆ. ಅವರು ತಲೆಯಾಡಿಸಿದರು.

ಆರು ವಾರದ ನಂತರ ಅವರು ಕೋಲು ಹಿಡಿದು ನಡೆದುಕೊಂಡೇ ಮನೆಗೆ ಹೋದರು.

ವರ್ಷ ಮುಗಿಯುವ ಹೊತ್ತಿಗೆ ಮಾನ್ಯತೆಯ ಪರೀಕ್ಷೆ ಬಂತು. ಇಬ್ಬರು ಪರೀಕ್ಷಕರು ಬೆಳಿಗ್ಗೆಯಿಂದ ನನ್ನ ಹಿಂದೆಯೇ ನಡೆದು ಒಬ್ಬ ಅಜ್ಜಿಯ ಪೂರ್ತಿ ಆರೈಕೆ ನೋಡಿದರು. ಔಷಧಿ, ಗಾಯದ ಡ್ರೆಸ್ಸಿಂಗ್, ದಾಖಲೆ ಬರೆಯುವುದು ಇವೆಲ್ಲದರ ಬಗ್ಗೆ ನನಗೆ ಭಯವಿರಲಿಲ್ಲ. ಮೈ ತೊಳೆಯುವಾಗ ಆ ಅಜ್ಜಿಯ ಕೈಗೆ ನಾನು ಬಟ್ಟೆ ಕೊಟ್ಟಿದ್ದನ್ನು ನೋಡಿ ಒಬ್ಬ ಪರೀಕ್ಷಕಿ, "ಇದನ್ನು ಯಾಕೆ ಹೀಗೆ ಮಾಡಿದಿರಿ?" ಎಂದು ಕೇಳಿದರು. ರೋಗಿ ತಮ್ಮಿಂದ ಆಗುವುದನ್ನು ತಾವೇ ಮಾಡಿಕೊಂಡರೆ ಬೇಗ ಚೇತರಿಸಿಕೊಳ್ಳುತ್ತಾರೆ ಎಂದು ಪುಸ್ತಕದ ಉತ್ತರವನ್ನೇ ಕೊಟ್ಟೆ. "ಎಲ್ಲಿ ಕಲಿತಿರಿ?" ಎಂದರು. "ಮನೆಯಲ್ಲಿ, ನನ್ನ ಅತ್ತೆಯಿಂದ" ಎಂದೆ. ಆಕೆ ಅದನ್ನೂ ಬರೆದುಕೊಂಡರು.

ಮಧ್ಯಾಹ್ನ ನಾನು ಪಾಸಾದೆನೆಂದು ಹೇಳಿದರು. ಆವತ್ತಿನಿಂದ ನಾನು ಅಲ್ಲಿಯೂ ನರ್ಸ್. ಒಂದು ವಿಷಯ ಹೇಳಬೇಕು: ಡ್ರಿಪ್ ಹಾಕುವ ಅಧಿಕಾರ ಬಂದ ಮೇಲೂ ಬೆಳಿಗ್ಗೆಯ ಬೇಸಿನ್ನು ಕೈ ಬಿಡಲಿಲ್ಲ. ಅಲ್ಲಿ ನರ್ಸ್ ಎಂದರೆ ಎರಡೂ. ಈಗ ಅದು ನನಗೆ ಕೀಳು ಎನ್ನಿಸುವುದಿಲ್ಲ. ಒಬ್ಬರ ಬೆನ್ನು ತೊಳೆಯುವಾಗ ಅವರ ಚರ್ಮ, ಉಸಿರು, ನೋವು ಎಲ್ಲ ಗೊತ್ತಾಗಿಬಿಡುತ್ತದೆ. ಡಾಕ್ಟರು ನಿಂತು ನನ್ನ ಮಾತು ಕೇಳುವುದು ಅದಕ್ಕೇ.

ಗಂಡ, ಮಗಳು ಬಂದದ್ದು ಅದಾಗಿ ಐದು ತಿಂಗಳಿಗೆ. ವೀಸಾಕ್ಕಾಗಿ ಗಂಡ ಮೊದಲ ಹಂತದ ಜರ್ಮನ್ ಪಾಸು ಮಾಡಬೇಕಿತ್ತು. ಅಂಗಡಿಯಲ್ಲಿ ಮೊಬೈಲಿಗೆ ಪಾಠ ಹಾಕಿಕೊಂಡು ಕಲಿತರು. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿದರು. ಅತ್ತೆಯನ್ನೂ ಬನ್ನಿ ಎಂದೆವು. "ಅಸ ಬುಟ್ಟು ಎಲ್ಗೂ ಬರಾಕಿಲ್ಲ. ಬ್ಯಾಸಗೆ ರಜಕ್ಕೆ ಮಗೀನ ಕರ್ಕಬನ್ನಿ, ಸಾಕು" ಎಂದರು. ಅವರು ಹಾಗೆ ಹೇಳಿದ್ದರಲ್ಲಿ ಬೇಸರವೇನೂ ಇರಲಿಲ್ಲ. ಪಕ್ಕದ ಮನೆಯ ಕಿರಿಮಗನ ಕೂಸು ಆಗಷ್ಟೇ ನಡೆಯಲು ಕಲಿತಿತ್ತು, ಅವರ ಗಮನ ಅರ್ಧ ಅಲ್ಲಿತ್ತು.

ವಿಮಾನ ನಿಲ್ದಾಣದಲ್ಲಿ ಮಗಳು ಅಪ್ಪನ ಪ್ಯಾಂಟು ಹಿಡಿದುಕೊಂಡು ಹಿಂದೆ ನಿಂತಳು. ಏಳು ತುಂಬಿತ್ತು. ಫೋನಿನಲ್ಲಿ ದಿನವೂ ಗಂಟೆಗಟ್ಟಲೆ ಮಾತಾಡುತ್ತಿದ್ದವಳು ಎದುರಿಗೆ ಬಂದಾಗ ನಾಚಿಕೊಂಡಳು. ನಾನು ಎತ್ತಿಕೊಳ್ಳಲು ಹೋದಾಗ, "ಇರ್ಲಿ, ನಡೀತೀನಿ" ಎಂದಳು. ಮೂರು ದಿನ ಹಾಗೇ ಇದ್ದಳು. ನಾನು ಒತ್ತಾಯ ಮಾಡಲಿಲ್ಲ. ನಾಲ್ಕನೇ ದಿನ ಸ್ನಾನದ ಮನೆಯಿಂದ "ಅಮ್ಮಾ, ಬೆನ್ನುಜ್ಜು ಬಾ" ಎಂದು ಕೂಗಿದಳು. ಆ ದಿನ ಕೆಲಸಕ್ಕೆ ಹತ್ತು ನಿಮಿಷ ತಡವಾಗಿ ಹೋದೆ.

ಗಂಡನ ಕಷ್ಟ ಇನ್ನೂ ಮುಗಿದಿಲ್ಲ. ಹದಿನೈದು ವರ್ಷ ಮೋಟರ್ ಕಟ್ಟಿದ ಕೈ, ಆದರೆ ಅದಕ್ಕೊಂದು ಸರ್ಟಿಫಿಕೇಟಿಲ್ಲ. ನಾವೀಗಿರುವ ಊರಿನ ಒಂದು ರಿಪೇರಿ ಅಂಗಡಿಯ ಮಾಲೀಕರು ಮೊದಲು ಬೇಡವೆಂದರು. ಆಮೇಲೆ, ಎರಡು ವಾರ ಬಂದು ನೋಡಿ ಎಂದರು. ಮೂರನೇ ದಿನ ಇವರು ಒಂದು ಸುಟ್ಟ ಮೋಟರನ್ನು ಬಿಚ್ಚುವ ಮೊದಲೇ ಮೂಸಿ ನೋಡಿ, ಯಾವ ಕಡೆಯ ತಂತಿಸುತ್ತು ಹೋಗಿದೆ ಎಂದು ಬೆರಳಿಟ್ಟು ತೋರಿಸಿದರಂತೆ. ಬಿಚ್ಚಿದಾಗ ಅದೇ ಇತ್ತು. ಈಗ ಅಲ್ಲಿ ಸಹಾಯಕ. ಅಲ್ಲಿಂದಲೇ ಅವರನ್ನು ಕಸುಬಿನ ಪರೀಕ್ಷೆಗೆ ಕಳಿಸುತ್ತಿದ್ದಾರೆ. ಅದಕ್ಕೆ ಎರಡನೇ ಹಂತದ ಭಾಷೆ ಬೇಕು. ಮುಂದಿನ ತಿಂಗಳು ಪರೀಕ್ಷೆ.

ಹಾಗಾಗಿ ಈಗ ಸಂಜೆ ಅಡುಗೆ ಅವರದು, ಪ್ರಶ್ನೆ ನಮ್ಮದು. ಮೊನ್ನೆ ಅವರು ಉಪ್ಸಾರಿಗೆ ಖಾರ ರುಬ್ಬುತ್ತಾ, ಕೆಲಸದ ಜಾಗದಲ್ಲಿ ಕೈಗವಸು ಹಾಕಿಕೊಳ್ಳಬೇಕು ಎಂದು ಜರ್ಮನ್ನಿನಲ್ಲಿ ಹೇಳಿದರು. ಮಗಳು ಮೇಜಿನ ಮೇಲೆ ಕಾಲು ಮಡಚಿ ಕೂತು ಅವರ ಉಚ್ಚಾರಣೆ ತಿದ್ದಿದಳು. ಅವರು ತಿದ್ದಿಕೊಂಡು ಇನ್ನೊಮ್ಮೆ ಹೇಳಿ, "ಈಗ ಸರಿಯೇನವ್ವ?" ಎಂದರು.

"ಸರಿ ಕಣಪ್ಪೋ," ಎಂದಳು ಅವಳು, "ಮುಂದಿಂದ್ ಏಳು."